ಗಜನಿಯ ಮಣ್ಣಿಗೆ ದೇವಿಯ ಕಾವಲು

ದೇವಿಯನ್ನು ಮೋಸಗೊಳಿಸುವುದು ಸುಲಭವಲ್ಲ ಎಂಬುದು ಮಂಜಗುಣಿಯಲ್ಲಿ ಎಲ್ಲರಿಗೂ ಗೊತ್ತು. ದೇವಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಮೀನಿನವಳು ಬಂಗಡೆ ಇವತ್ತಿನದೇ ಎಂದರೆ ದೇವಿ ಕಿವಿರು ಎತ್ತಿ ನೋಡುತ್ತಾಳೆ, ಅಷ್ಟು ಸಾಲದೆಂದು ಮೂಸುತ್ತಾಳೆ, ಆಮೇಲೆ ಯಾವ ದೋಣಿಯದು ಎಂದು ವಿಚಾರಣೆ ಶುರು ಮಾಡುತ್ತಾಳೆ. ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಹೋಗುವ ಊರು ಬಿಟ್ಟು ಬೇರೊಂದು ಊರು ಹೇಳುತ್ತಾಳೆ. ಒಮ್ಮೆ ಹೀಗೆ ಸುಳ್ಳು ಹೇಳಿ, ಕೇಳಿದ ಹೆಂಗಸೂ ಅದೇ ಊರಿಗೆ ಹೋಗುವವಳಾಗಿ, ಮರ್ಯಾದೆಗೆ ಅಂಜಿ ತನ್ನ ಸ್ಟಾಪು ದಾಟಿ ಅಲ್ಲಿಯವರೆಗೂ ಹೋಗಿ, ಬಿಸಿಲಿನಲ್ಲಿ ನಡೆದು ವಾಪಸ್ಸು ಬಂದದ್ದೂ ಉಂಟು. ಸೊಸೆ ಸುಮಿತಾ ಇದನ್ನು ನೆನೆದು ಈಗಲೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ.

ಹುಟ್ಟಿನಿಂದ ಅವಳು ಹೀಗಿರಲಿಲ್ಲ. ಮದುವೆಯಾಗಿ ಹೋದದ್ದು ಕಾರವಾರದ ಪಕ್ಕದ ಚೆಂಡಿಯಾಕ್ಕೆ. ಗಂಡ ಹೊನ್ನ ಮಾತಿನ ಮಲ್ಲ. ಅಳತೆ ಟೇಪು ಹಿಡಿದ ಮನುಷ್ಯನೊಬ್ಬ ಗದ್ದೆಗೆ ಬಂದಾಗ ಹೊನ್ನ ಅವನನ್ನು ಜಗಲಿಗೆ ಕರೆದು, ಬೆಲ್ಲ-ನೀರು ಕೊಟ್ಟು, ತನ್ನ ಗದ್ದೆಯ ಕಷ್ಟವನ್ನೆಲ್ಲ ತೋಡಿಕೊಂಡ. ಉಪ್ಪುನೀರು ನುಗ್ಗುತ್ತದೆ, ಬಿತ್ತಿದ್ದು ಕೊಳೆಯುತ್ತದೆ, ಈ ಮಣ್ಣಿನಲ್ಲಿ ಏನೂ ಉಳಿದಿಲ್ಲ ಎಂದ. ಏನಾದರೂ ಪರಿಹಾರ ಸಿಕ್ಕೀತೆಂಬ ಆಸೆ, ಪಾಪ. ಟೇಪಿನವನು ತಲೆಯಾಡಿಸುತ್ತ ಕೇಳಿಕೊಂಡು ಹೋದ. ಕೆಲವು ವರ್ಷಗಳಲ್ಲಿ ಆ ಭಾಗದ ನೆಲವೆಲ್ಲ ನೌಕಾನೆಲೆಗೆ ಹೋಯಿತು. ಬೈದವರ ಗದ್ದೆಯೂ ಹೋಯಿತು, ಹೊಗಳಿದವರ ಗದ್ದೆಯೂ ಹೋಯಿತು. ಇದನ್ನು ಎಷ್ಟು ಜನ ಬಿಡಿಸಿ ಹೇಳಿದರೂ ದೇವಿಯ ತಲೆಗೆ ಹತ್ತಲಿಲ್ಲ. ಗಂಡ ತನ್ನ ನೆಲವನ್ನು ಪರರ ಎದುರು ಹಳಿದ, ಅದಕ್ಕೇ ನೆಲ ಕೈಬಿಟ್ಟಿತು ಎಂದೇ ಅವಳು ನಂಬಿದಳು. ಅಂದಿನಿಂದ ಟೇಪು ಹಿಡಿದು ಬಂದವರಿಗೆ ಅವಳ ಮನೆಯಲ್ಲಿ ಬೆಲ್ಲವೂ ಇಲ್ಲ, ನೀರೂ ಇಲ್ಲ.

ಹೊನ್ನ ಈಗಿಲ್ಲ. ನೌಕಾನೆಲೆಯ ಪರಿಹಾರವೆಂದು ಕೈಗೆ ಬಂದದ್ದರಲ್ಲಿ ಗಂಗಾವಳಿ ನದಿ ಸಮುದ್ರ ಸೇರುವ ಮಂಜಗುಣಿಯಲ್ಲಿ, ದೇವಿಯ ತವರಿನ ಸಮೀಪ, ಒಂದು ತುಂಡು ಗಜನಿ ಕೊಂಡಿದ್ದರು. ಗಜನಿಯೆಂದರೆ ನದಿಯ ಬಾಯಲ್ಲಿ ಸಿಹಿ ನೀರು ಉಪ್ಪು ನೀರು ಎರಡೂ ಆಡುವ ತಗ್ಗು ಗದ್ದೆ. ಅಲ್ಲಿ ಬೆಳೆಯುವುದು ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಒಂದೇ. ಅದೂ ಒಡ್ಡು ಗಟ್ಟಿಯಿದ್ದರೆ. ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲಿ ಒಡ್ಡು ಕಿತ್ತುಹೋಗಿ ದೇವಿಯ ಮನೆಯ ಕಿಟಕಿಯ ತನಕ ನೀರು ನಿಂತಿತ್ತು. ಆಮೇಲೆ ಕೇರಿಯವರು ಮಣ್ಣು ಕಲ್ಲು ಹಾಕಿ ಕಟ್ಟಿದ ಒಡ್ಡು ಪ್ರತಿ ಹುಣ್ಣಿಮೆಗೆ ಕಡಲು ಏರಿ ಬರುವ ಭರತಕ್ಕೂ ಬಾಯಿ ಬಿಡುತ್ತಿತ್ತು. ಅಂದಿನಿಂದ ಕಗ್ಗ ಮೊಳಕೆಯಲ್ಲೇ ಕರಗುತ್ತಿತ್ತು. ಸಾಯುವುದರೊಳಗೆ ಈ ಗದ್ದೆಯಲ್ಲಿ ಇನ್ನೊಂದು ಬೆಳೆ ಕೊಯ್ಯಬೇಕು ಎಂಬುದೊಂದೇ ದೇವಿಯ ಆಸೆ. ಅದಕ್ಕೆ ಬೇಕಾದದ್ದು ಗಟ್ಟಿ ಒಡ್ಡು. ಅದೊಂದನ್ನು ಬಿಟ್ಟು ಬೇರೇನನ್ನೂ ಅವಳು ದೇವರ ಹತ್ತಿರವೂ ಕೇಳಿದವಳಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ನಮಿತಾ ಬಂದಳು. ಅಂಕೋಲೆಯ ಒಳಗಿನ ಅಚವೆ ಕಡೆಯ ಭಟ್ಟರ ಮನೆಯ ಹುಡುಗಿ, ಕಾರವಾರದಲ್ಲಿ ಇದ್ದುಕೊಂಡು ಕಡಲು ಮತ್ತು ಮಣ್ಣಿನ ಸಂಶೋಧನೆ ಮಾಡುವವಳು. ಮೊಣಕಾಲಿನ ತನಕ ಕೆಸರು, ತಲೆಗೆ ಟೊಪ್ಪಿ, ಹೆಗಲ ಮೇಲೆ ಉದ್ದನೆಯ ಪ್ಲಾಸ್ಟಿಕ್ ಪೈಪು. ಚೀಲದಿಂದ ಟೇಪಿನ ತುದಿ ಇಣುಕುತ್ತಿತ್ತು. ದೇವಿ ನೋಡಿದ್ದು ಆ ತುದಿಯನ್ನು ಮಾತ್ರ.

ನಮಿತಾ ಅಂಗಳದಲ್ಲಿ ನಿಂತೇ ತನ್ನ ಕೆಲಸ ವಿವರಿಸಿದಳು. ನದಿ ಉಕ್ಕಿದಾಗಲೆಲ್ಲ ಗದ್ದೆಯ ಮೇಲೆ ಒಂದು ಪದರ ಹೂಳು ಬಿಟ್ಟು ಹೋಗುತ್ತದೆ, ಕಡಲು ಏರಿ ಬಂದರೆ ಮರಳು ಬಿಟ್ಟು ಹೋಗುತ್ತದೆ. ಪೈಪನ್ನು ನೆಲಕ್ಕೆ ಇಳಿಸಿ ಎತ್ತಿದರೆ ಆ ಪದರಗಳೆಲ್ಲ ಒಂದರ ಮೇಲೊಂದು ಕೂತದ್ದು ಸಿಗುತ್ತದೆ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅದರಿಂದ ತಿಳಿದರೆ ಮುಂದೆ ಎಲ್ಲಿಗೆ ಬರಬಹುದು ಎಂದು ಹೇಳಬಹುದು. ಹೊಸ ಒಡ್ಡು ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂಬುದಕ್ಕೂ ಇಲಾಖೆಯವರು ಈ ವರದಿಯನ್ನು ನೋಡುತ್ತಾರೆ. ಇಷ್ಟು ಹೇಳಿ, ಹತ್ತೊಂಬತ್ತರ ನೆರೆಯ ಪದರ ಎಷ್ಟು ದಪ್ಪವಿದೆ ಎಂದು ಗೊತ್ತಾದರೆ ಹಳೆಯ ನೆರೆಗಳನ್ನು ಅದರಿಂದಲೇ ಅಳೆಯಬಹುದು, ಆ ವರ್ಷ ನಿಮ್ಮ ಮನೆಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದಳು.

ಒಡ್ಡು ಎಂಬ ಮಾತು ಕೇಳಿ ದೇವಿಯ ಮನಸ್ಸು ಒಮ್ಮೆ ಹಿಗ್ಗಿತು. ಹಿಗ್ಗಿದ್ದೇ ತಡ, ಅವಳಿಗೆ ಸಂಶಯ ಬಂತು. ತನಗೆ ಬೇಕಾದದ್ದೇ ಈ ಹುಡುಗಿಯ ಬಾಯಲ್ಲಿ ಹೇಗೆ ಬಂತು? ಯಾರು ಹೇಳಿಕೊಟ್ಟರು? ಚೆಂಡಿಯಾದಲ್ಲೂ ಮೊದಲು ರಸ್ತೆ ಬರುತ್ತದೆ, ಕೆಲಸ ಬರುತ್ತದೆ ಎಂಬ ಮಾತೇ ಬಂದಿತ್ತು. ಗಾಳಕ್ಕೆ ಸಿಗಡಿ ಸಿಕ್ಕಿಸುವುದು ಮೀನಿನ ಮೇಲಿನ ಪ್ರೀತಿಗಲ್ಲವಲ್ಲ.

"ನಮ್ಮ ಬದಿಗೆ ನೀರು ಬರ್ಲೇ ಇಲ್ರಾ ಅಕ್ಕೋರೆ," ಎಂದಳು ದೇವಿ. "ಇದು ಬಂಗಾರದಂತಾ ನೆಲ."

ಒಡ್ಡು ಒಡೆದದ್ದು ಹೇಗೆ ಎಂದು ನಮಿತಾ ಕೇಳಿದ್ದಕ್ಕೆ, ಏಡಿಗಳು ತೂತು ಕೊರೆದವು ಎಂದು ಸಲೀಸಾಗಿ ಹೇಳಿದಳು. ನಮಿತಾ ಪಕ್ಕದ ಮನೆಯ ಮುದುಕಿ ಬೀರಿಯನ್ನು ಕೇಳಲು ಹೊರಟಾಗ, ಇವಳು ಹಿತ್ತಿಲ ಬೇಲಿಯ ದಣಪೆ ದಾಟಿ ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದಳು. ಬೀರಿಗೆ ಸುಳ್ಳು ಹೇಳಿ ರೂಢಿಯಿಲ್ಲ. ನೀರು ಬಂದಿತ್ತೇ ಎಂದು ನಮಿತಾ ಕೇಳಿದರೆ, ದೇವಿ ಎಂತಾ ಹೇಳಿದಳೋ ಅದೇ ಎಂದುಬಿಟ್ಟಳು. ನಮಿತಾ ನಕ್ಕಳು. ಆ ನಗೆಯನ್ನೂ ದೇವಿ ಅಳೆದು ನೋಡಿದಳು.

ಹುಡುಗಿ ಅತ್ತ ಹೋಗುತ್ತಲೇ ದೇವಿ ಗೋಡೆ ನೋಡಿದಳು. ಕಿಟಕಿಯ ಕೆಳಗೆ ನೆರೆಯ ಕೆಸರು ಎಳೆದ ಕಂದು ಗೆರೆ ಇನ್ನೂ ಇತ್ತು. ಮಾರನೆಯ ದಿನವೇ ಅದನ್ನು ಕತ್ತಿಯಿಂದ ಕೆರೆದು, ಇಡೀ ಗೋಡೆಗೆ ಸುಣ್ಣ ಬಳಿದಳು. ಹಬ್ಬವಿಲ್ಲ ಮದುವೆಯಿಲ್ಲ, ಈಗೆಂಥ ಸುಣ್ಣ ಎಂದು ಸುಮಿತಾ ಕೇಳಿದರೆ ಅವಳ ಕೈಗೇ ಬಕೇಟು ಕೊಟ್ಟು ನೀರು ತರಲು ಹೇಳಿದಳು. ನೆರೆಯ ವರ್ಷ ಪರಿಹಾರಕ್ಕೆ ಅರ್ಜಿ ಕೊಡಲೂ ಅವಳು ಬಿಟ್ಟಿರಲಿಲ್ಲ. ಮನೆಗೆ ನೀರು ಬಂತು ಎಂದು ಬರೆದುಕೊಟ್ಟರೆ ನಾಳೆ ಇದು ವಾಸಕ್ಕೆ ತಕ್ಕ ಜಾಗವಲ್ಲ ಅಂತಾರೆ, ನಾಡಿದ್ದು ನಮ್ಮನ್ನು ಎಬ್ಬಿಸಲು ಲಾರಿ ತಂದು ನಿಲ್ಲಿಸುತ್ತಾರೆ ಎಂಬುದು ಅವಳ ಲೆಕ್ಕ.

ಮಗ ನಿತೇಶನ ಮೇಲೆ ಅವಳಿಗೆ ಅನುಮಾನ ಬಂದದ್ದು ಇದೇ ದಿನಗಳಲ್ಲಿ. ಅವನು ಕಾರವಾರದ ಕಡೆ ಗುತ್ತಿಗೆದಾರನ ಕೈಕೆಳಗೆ ದುಡಿಯುವವನು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಬರುವವನು. ಅಂಥವನು ರಜೆ ಹಾಕಿ ನಮಿತಾಳಿಗೆ ದೋಣಿ ಗೊತ್ತುಮಾಡಿಕೊಟ್ಟ. ಫೋನಿನಲ್ಲಿ ಅವಳ ಹತ್ತಿರ ಮಾತಾಡುವಾಗ ಅಂಗಳಕ್ಕೆ ಹೋಗುತ್ತಿದ್ದ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ ಎಂಬುದು ದೇವಿಗೂ ಗೊತ್ತು. ಆದರೂ ಅಂಗಳದಲ್ಲೇ ಯಾಕೆ, ಬೆನ್ನು ತಿರುಗಿಸಿ ಯಾಕೆ? ಸಿಗಡಿ ಸಾಕಲು ಗಜನಿ ಗುತ್ತಿಗೆಗೆ ಹಿಡಿಯುವ ತುಳಸಿದಾಸನ ಜೊತೆಗೆ ಅವನು ಚಹಾದ ಅಂಗಡಿಯಲ್ಲಿ ಕೂತದ್ದನ್ನು ಬೀರಿ ಬೇರೆ ನೋಡಿ ಬಂದಿದ್ದಳು. ದೇವಿ ಎರಡೂ ಸೇರಿಸಿ ಗಂಟು ಹಾಕಿದಳು. ಹುಡುಗಿ ಮಣ್ಣು ಕೆಟ್ಟಿದೆ ಎಂದು ಹೇಳುತ್ತಾಳೆ, ಮಗ ಹೌದೆನ್ನುತ್ತಾನೆ, ತುಳಸಿದಾಸ ಬಂದು ಗದ್ದೆಯನ್ನು ನುಂಗುತ್ತಾನೆ. ಒಂಬತ್ತು ತಿಂಗಳು ಹೊತ್ತ ಮಗನ ಬಗ್ಗೆ ಹೀಗೆ ಯೋಚಿಸಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೂ ಯೋಚಿಸಿದಳು.

ನಿತೇಶ ಅಮ್ಮನನ್ನು ಕೇಳದೆಯೇ ಗದ್ದೆಯಲ್ಲಿ ಪೈಪು ಇಳಿಸಲು ಒಪ್ಪಿಗೆ ಕೊಟ್ಟಿದ್ದ. ಮನೆಗೆ ನೀರು ಬಂದದ್ದನ್ನು ಅಮ್ಮ ಹೇಳಿಯೇ ಇರುತ್ತಾಳೆಂದು ಅವನು ಆ ಮಾತನ್ನು ನಮಿತಾಳ ಹತ್ತಿರ ಎತ್ತಿರಲಿಲ್ಲ. ಇಳಿತದ ಹೊತ್ತಿನಲ್ಲಿ ನಮಿತಾ ಮತ್ತು ಅವಳ ಜೊತೆಯವರು ಪೈಪನ್ನು ಕೆಸರಿಗೆ ಒತ್ತಿ, ಬಡಿದು, ಹೆಣಗಾಡಿ ಎತ್ತಿದರು. ದೇವಿ ಒಡ್ಡಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಪೈಪಿನ ಕೆಳತುದಿಯಿಂದ ಉದುರಿದ ಮಣ್ಣನ್ನು ನಮಿತಾ ಬೆರಳಿನಲ್ಲಿ ಬಿಡಿಸಿ, ಅದರೊಳಗಿನ ಒಂದು ಚಿಪ್ಪಿನ ಚೂರನ್ನು ಪ್ರೀತಿಯಿಂದ ಅವಳ ಅಂಗೈಗೆ ಹಾಕಿದಳು.

"ನೋಡಿ ದೇವಕ್ಕ, ತುಂಬಾ ಹಿಂದೆ ಇದು ಸಮುದ್ರವೇ ಆಗಿತ್ತು. ನಿಮ್ಮ ಗದ್ದೆ ಇರುವ ಜಾಗ ಪೂರ್ತಿ."

ಪಾಪ, ಆ ಹುಡುಗಿ ಖುಷಿಯಲ್ಲಿ ಹೇಳಿದ ಮಾತು. ದೇವಿಗೆ ಅದು ಬೇರೆಯೇ ಆಗಿ ಕೇಳಿಸಿತು. ಸಮುದ್ರವಾಗಿತ್ತು ಎಂದರೆ ಸಮುದ್ರದ ಜಾಗ. ಸಮುದ್ರ ಯಾರದು? ಹೊನ್ನನದೂ ಅಲ್ಲ, ದೇವಿಯದೂ ಅಲ್ಲ, ಸರ್ಕಾರದ್ದು. ಹಾಗಿದ್ದರೆ ಈ ಪೈಪಿನಲ್ಲಿ ಇರುವುದು ಮಣ್ಣಲ್ಲ, ನೆಲ ತನ್ನದಲ್ಲ ಎನ್ನುವುದಕ್ಕೆ ಸಾಕ್ಷಿ. ಅವಳು ಚಿಪ್ಪನ್ನು ಯಾರಿಗೂ ಕಾಣದಂತೆ ಕೆಸರಿನಲ್ಲಿ ಒತ್ತಿ, ಅದರ ಮೇಲೆ ಕಾಲಿಟ್ಟು ನಿಂತಳು.

ಭರತ ಏರಿ ದಾರಿ ಮುಚ್ಚಿದ್ದರಿಂದ ಪೈಪನ್ನು ಆ ದಿನ ಒಯ್ಯಲಾಗಲಿಲ್ಲ. ಅದನ್ನು ಮಲಗಿಸಬಾರದು, ಅಲ್ಲಾಡಿಸಬಾರದು, ಪದರ ಕಲಕಿಹೋಗುತ್ತದೆ ಎಂದು ನಮಿತಾ ಹೇಳಿದ್ದಕ್ಕೆ ನಿತೇಶ ಅದನ್ನು ಕೊಟ್ಟಿಗೆಯ ಕಂಬಕ್ಕೆ ನೆಟ್ಟಗೆ ಕಟ್ಟಿ ನಿಲ್ಲಿಸಿದ. ಮಾರನೆಯ ಬೆಳಿಗ್ಗೆ ಅವನು ಬಸ್ಸಿಗೆ ಹೋದ ಮೇಲೆ, ಸುಮಿತಾ ಪೇಟೆಗೆ ಹೋದ ಹೊತ್ತು ನೋಡಿ, ದೇವಿ ಕಟ್ಟು ಬಿಚ್ಚಿದಳು. ಪೈಪನ್ನು ನದಿಯ ಅಂಚಿಗೆ ಎಳೆದುಕೊಂಡು ಹೋಗಿ, ಎರಡು ಬದಿಯ ಮುಚ್ಚಳ ತೆಗೆದು, ಬಿದಿರಿನ ಗಳದಿಂದ ಮಣ್ಣನ್ನು ನೀರಿಗೆ ನೂಕಿದಳು. ಕಪ್ಪು ಕೆಸರು, ಬೂದಿ ಬಣ್ಣದ ಹೂಳು, ಮರಳು ಎಲ್ಲ ಒಂದೊಂದಾಗಿ ಹೊರಬಿದ್ದು ಗಂಗಾವಳಿಯಲ್ಲಿ ಕದಡಿಹೋಯಿತು. ಆಮೇಲೆ ದಂಡೆಯ ಕೆಸರನ್ನೇ ಕೈಯಾರೆ ತುಂಬಿ, ಮುಚ್ಚಳ ಹಾಕಿ, ಬಿಚ್ಚಿದ್ದ ಅಂಟುಪಟ್ಟಿಯನ್ನು ಮತ್ತೆ ಸುತ್ತಿ, ಇದ್ದ ಹಾಗೇ ಕಂಬಕ್ಕೆ ಕಟ್ಟಿದಳು. ಅವಳ ಮನಸ್ಸಿಗೆ ಎಷ್ಟೋ ವರ್ಷಗಳ ಮೇಲೆ ಸಮಾಧಾನವಾಯಿತು. ಹೊನ್ನ ಕಳೆದದ್ದನ್ನು ತಾನು ಉಳಿಸಿದೆ ಅನ್ನಿಸಿತು. ಆ ಮಧ್ಯಾಹ್ನ ಪೈಪು ಒಯ್ಯಲು ಬಂದ ನಮಿತಾಳಿಗೆ ಅವಳು ಬಾಗಿಲಿನಿಂದ ಕೈ ಕೂಡ ಬೀಸಿದಳು.

ಕೆಲವು ವಾರಗಳ ನಂತರ ನಮಿತಾ ನಿತೇಶನಿಗೆ ಫೋನು ಮಾಡಿ, ನಿಮ್ಮ ಗದ್ದೆಯಲ್ಲಿ ಯಾವಾಗಲಾದರೂ ಜೆಸಿಬಿ ಇಳಿಸಿದ್ದಿರಾ ಎಂದು ಕೇಳಿದಳಂತೆ. ಮಣ್ಣಿನಲ್ಲಿ ಪದರವೇ ಇಲ್ಲ, ಪೂರ್ತಿ ಕಲಸಿಹೋಗಿದೆ, ಇದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ವರದಿ ಕೊಡುವ ದಿನ ಬಂತು, ಮತ್ತೆ ತೆಗೆಯಲು ಹೊತ್ತಿಲ್ಲ ಎಂದಳಂತೆ. ನಿತೇಶ ಊಟಕ್ಕೆ ಕೂತಾಗ ಇದನ್ನು ಹೇಳಿ ತಲೆ ಕೆರೆದುಕೊಂಡ. ದೇವಿ ಅವನಿಗೆ ಇನ್ನೊಂದು ತುಂಡು ಮೀನು ಬಡಿಸಿದಳು.

ಮುಂದಿನ ಬೇಸಿಗೆಯಲ್ಲಿ ಒಡ್ಡು ಬಂತು. ನಿಜವಾಗಿಯೂ ಬಂತು. ಲಾರಿಗಳಲ್ಲಿ ಕಲ್ಲು ಬಂತು, ಜೆಸಿಬಿ ಬಂತು, ಹಳೆಯ ಕೊಳೆತ ಹಲಗೆಗಳ ಜಾಗಕ್ಕೆ ನೀರು ಒಳಬಿಡುವ ಹೊರಬಿಡುವ ಹೊಸ ಬಾಗಿಲು ಬಂತು. ದೇವಿ ದಿನವೂ ಹೋಗಿ ನೋಡಿದಳು. ಮೊದಲು ಕಲ್ಲು ಚಿಕ್ಕದು ಎಂದು ಸಂಶಯಪಟ್ಟಳು, ಆಮೇಲೆ ಸಿಮೆಂಟು ಕಡಿಮೆ ಎಂದು ಸಂಶಯಪಟ್ಟಳು. ಒಡ್ಡು ದಿನದಿನವೂ ತನ್ನ ಕಡೆಗೆ ಬರುವುದನ್ನು ನೋಡುತ್ತ ನೋಡುತ್ತ ಸಂಶಯಪಡುವುದನ್ನು ಮರೆತಳು. ಮಡಕೆಯಲ್ಲಿ ಮುಚ್ಚಿಟ್ಟ ಕಗ್ಗದ ಬೀಜವನ್ನು ತೆಗೆದು ಒಣಹಾಕಿದಳು. ಈ ಸಲ ಮೊಳಕೆ ಕಟ್ಟುವ ಎಂದು ಸುಮಿತಾಳಿಗೆ ಹೇಳುವಾಗ ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

ಒಡ್ಡು ಪಕ್ಕದ ದುರ್ಗಪ್ಪನ ಗದ್ದೆಯ ಮೂಲೆಗೆ ಬಂದು, ಅಲ್ಲಿಂದ ತಿರುಗಿ ಮೇಲಿನ ದಿಬ್ಬಕ್ಕೆ ಸೇರಿ ಮುಗಿಯಿತು. ದುರ್ಗಪ್ಪನದರ ಆಚೆಗೆ ಇರುವುದು ದೇವಿಯ ಗದ್ದೆ, ಅವಳ ಮನೆ, ಬೀರಿಯ ಮನೆ. ಜೆಸಿಬಿಯವನು ಯಂತ್ರ ತಿರುಗಿಸಿಕೊಂಡು ಹೊರಟಾಗ ದೇವಿ ಅಡ್ಡ ನಿಂತು, ಇನ್ನೂ ಉಳಿದಿದೆಯಲ್ಲ ಎಂದಳು. ನಕ್ಷೆಯಲ್ಲಿ ಇಷ್ಟೇ ಇರುವುದು, ಆಚೆಗೆ ನೀರು ಬರುವುದಿಲ್ಲವಂತೆ ಎಂದು ಹೇಳಿ ಅವನು ಹೋದ. ಹೆಚ್ಚುಕಡಿಮೆ ಎಲ್ಲರ ಗದ್ದೆಗೂ ಹಂಚಿಹೋಗುತ್ತಿದ್ದ ಭರತದ ನೀರು ಈಗ ಹೊಸ ಕಲ್ಲಿಗೆ ಬಡಿದು, ತಿರುಗಿ, ದೇವಿಯ ಗದ್ದೆಯೊಂದಕ್ಕೇ ನುಗ್ಗತೊಡಗಿತು.

ದೇವಿ ಒಬ್ಬಳೇ ಕಾರವಾರಕ್ಕೆ ಹೋದಳು. ಬಸ್ಸಿನಲ್ಲಿ ಪಕ್ಕದವರು ಕೇಳಿದಾಗ ಕಾರವಾರಕ್ಕೆ ಎಂದೇ ಹೇಳಿದಳು. ಒಡ್ಡು ಕಟ್ಟಿಸಿದ ಇಲಾಖೆಯ ಕಚೇರಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತ ಮೇಲೆ ಎಂಜಿನಿಯರು ಒಳಗೆ ಕರೆದ. ಕೆಟ್ಟ ಮನುಷ್ಯನಲ್ಲ, ಕೂರಲು ಕುರ್ಚಿ ತೋರಿಸಿದ. ದೇವಿ ಕೂರದೆ ನಿಂತೇ ಹೇಳಿದಳು. ನೆರೆಯಲ್ಲಿ ನಮ್ಮ ಮನೆಗೂ ನೀರು ಬಂದಿತ್ತು, ಕಿಟಕಿಯವರೆಗೆ ಬಂದಿತ್ತು, ಒಡ್ಡು ಒಡೆದದ್ದು ಏಡಿಯಿಂದಲ್ಲ ಎಂದಳು. ಅವನು ಕಡತ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ.

"ಪರಿಹಾರಕ್ಕೆ ನೀವು ಅರ್ಜಿ ಕೊಟ್ಟಿಲ್ಲ. ಸಂಶೋಧನೆಯವರು ಬಂದು ಕೇಳಿದಾಗಲೂ ನೀರು ಬರಲಿಲ್ಲ ಅಂದಿದ್ದೀರಿ. ಈಗ ಒಡ್ಡು ಬಂದ ಮೇಲೆ ನೀರೂ ಬಂತಾ ಅಮ್ಮ?"

ಗೋಡೆಯ ಮೇಲೆ ಗುರುತೇನಾದರೂ ಇದೆಯೇ ಎಂದೂ ಕೇಳಿದ. ದೇವಿಗೆ ತಾನೇ ಬಳಿದ ಸುಣ್ಣ ನೆನಪಾಯಿತು. ಅವನು ತನ್ನನ್ನು ನೋಡುತ್ತಿದ್ದ ರೀತಿ ಅವಳಿಗೆ ಗುರುತು ಸಿಕ್ಕಿತು. ಮೀನಿನವಳು ಇವತ್ತಿನದೇ ಎಂದು ಆಣೆ ಹಾಕುವಾಗ ತಾನು ನೋಡುವುದು ಹೀಗೆಯೇ. ಇವಳಿಗೆ ಇದರಲ್ಲಿ ಏನೋ ಲಾಭವಿದೆ ಎಂದು ಅವನು ಯೋಚಿಸುತ್ತಿದ್ದ, ಮತ್ತು ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಯೋಚಿಸುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ನಾಚಿಕೆಯಾಯಿತು. ಆಗಲಿ ಸಾಯಬರೇ ಎಂದು ಹೇಳಿ ಹೊರಗೆ ಬಂದು ಬಸ್ಸು ಹಿಡಿದಳು.

ಆ ಸಂಜೆ ನಿತೇಶ ಕಾಲು ತೊಳೆದು ಜಗಲಿಗೆ ಬಂದಾಗ ದೇವಿ ಅವನನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ಗೋಡೆ ಕೆರೆದದ್ದು, ಬೀರಿಯ ಬಾಯಿ ಕಟ್ಟಿದ್ದು, ಪೈಪಿನ ಮಣ್ಣನ್ನು ನದಿಗೆ ಚೆಲ್ಲಿದ್ದು. ಸುಮಿತಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ನಿತೇಶ ಬೈಯಲಿಲ್ಲ. ಅಂಗಳಕ್ಕಿಳಿದು ನಮಿತಾಳಿಗೆ ಫೋನು ಹಚ್ಚಿದ. ಈ ಸಲ ಬೆನ್ನು ತಿರುಗಿಸದೆ, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಅಮ್ಮನ ಕೈಗೇ ಕೊಟ್ಟ. ದೇವಿ ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ನಮಿತಾ ಪೂರ್ತಿ ಕೇಳಿಸಿಕೊಂಡು, ಮಣ್ಣು ಎಲ್ಲೂ ಹೋಗಿಲ್ಲ ದೇವಕ್ಕ, ಅಲ್ಲೇ ಪಕ್ಕದಲ್ಲಿ ಪೈಪು ಇಳಿಸಿದರೆ ಮತ್ತೆ ಸಿಗುತ್ತದೆ, ನಾನು ಬರುತ್ತೇನೆ ಎಂದಳು. ಆದರೆ ಒಡ್ಡಿನ ಕೆಲಸ ಮುಗಿಯಿತಲ್ಲ, ಇನ್ನೊಂದು ಯೋಜನೆ ಬರಬೇಕು, ಅದು ಯಾವಾಗ ಬರುತ್ತದೋ ನನಗೂ ಗೊತ್ತಿಲ್ಲ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದರಲ್ಲಿ ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ದೇವಿಗೆ ಅನ್ನಿಸಿತು.

ಫೋನು ಇಟ್ಟ ಮೇಲೆ ನಿತೇಶ ಕೇಳಿದ. "ನಾ ಗದ್ದೆ ಮಾರೂಕೆ ಹೊಂಟವ ಅಂದ್ಕಂಡಿದ್ಯೆ ಅವ್ವಾ?"

ಇಲ್ಲ ಎನ್ನಬಹುದಿತ್ತು. ಇಷ್ಟು ಸುಳ್ಳಿನ ಜೊತೆ ಅದೊಂದು ಭಾರವಾಗುತ್ತಿರಲಿಲ್ಲ.

"ಹೌದು ಮಗಾ," ಎಂದಳು.

ತುಳಸಿದಾಸನ ಜೊತೆ ಚಹಾದ ಅಂಗಡಿಯಲ್ಲಿ ಕೂತದ್ದು ನಮ್ಮ ಗದ್ದೆ ಕೊಡುವುದಿಲ್ಲ, ಒಡ್ಡು ಬರುತ್ತದೆ ಎಂದು ಹೇಳಲಿಕ್ಕೆ ಎಂದು ನಿತೇಶ ಹೇಳಿದ. ಹೇಳಿ ಊಟ ಮಾಡದೆ ಮಲಗಿದ. ಒಂದೇ ಮನೆಯಲ್ಲಿ ಅವನು ಅಮ್ಮನ ಮುಖ ನೋಡದೆ ಓಡಾಡಿದ. ಸುಮಿತಾ ಇಬ್ಬರ ನಡುವೆ ತಟ್ಟೆ ಲೋಟ ಸಾಗಿಸುತ್ತಿದ್ದಳು.

ಮಳೆ ಹಿಡಿದ ಮೇಲೂ ಗದ್ದೆಯ ಉಪ್ಪು ಇಳಿಯಲಿಲ್ಲ. ಮೊಳಕೆ ಕಟ್ಟಿದ ಕಗ್ಗವನ್ನು ದೇವಿ ಹಟ ಹಿಡಿದು ಬಿತ್ತಿದಳು. ಅದು ಹುಣ್ಣಿಮೆಯ ಭರತಕ್ಕೆ ಸಿಕ್ಕಿ ಕೊಳೆಯಿತು. ಪಕ್ಕದ ದುರ್ಗಪ್ಪನ ಗದ್ದೆ ಹೊಸ ಕಲ್ಲಿನ ಆಚೆ ಹಸಿರಾಗಿತ್ತು. ದೇವಿ ಆ ಕಡೆ ನೋಡುವುದನ್ನೇ ಬಿಟ್ಟಳು.

ತುಳಸಿದಾಸ ಬಂದದ್ದು ಆಗ. ಸಿಗಡಿಗೆ ಗದ್ದೆ ಗುತ್ತಿಗೆಗೆ ಬೇಕು ಎಂದು ಅಂಗಳದಲ್ಲಿ ನಿಂತು ಕೇಳಿದ. ನಿತೇಶ ಅಮ್ಮನತ್ತ ಕೈ ತೋರಿಸಿದ.

"ಅವಳನ್ನೇ ಕೇಳು. ನಾ ಎಂತಾ ಹೇಳಿದ್ರೂ ಅವಳಿಗೆ ಅನುಮಾನ."

ದೇವಿ ತುಳಸಿದಾಸನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಡೀ ಜನ್ಮ ಹೇಗೆ ನೋಡಿದಳೋ ಹಾಗೆಯೇ ನೋಡಿದಳು. ಅವನ ಕೈಯಲ್ಲಿ ಟೇಪಿರಲಿಲ್ಲ. ಅವನು ಸಿಹಿ ಮಾತಾಡಲಿಲ್ಲ. ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟ. ಹನ್ನೆರಡು ತಿಂಗಳೂ ಉಪ್ಪುನೀರು ನಿಲ್ಲಿಸುತ್ತೇನೆ, ಜೆಸಿಬಿ ಇಳಿಸಿ ಆಳ ಮಾಡುತ್ತೇನೆ, ಆಮೇಲೆ ಇಲ್ಲಿ ಭತ್ತ ಆಗುವುದಿಲ್ಲ, ಮಣ್ಣು ಮೊದಲಿನ ಹಾಗೆ ಸಿಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ ಎಂದ. ಅವಳು ಅವನ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಮೋಸದ ಒಂದು ಎಳೆಯೂ ಸಿಗಲಿಲ್ಲ. ಅವಳ ಅಂಗಳಕ್ಕೆ ಬಂದವರಲ್ಲಿ ಏನನ್ನೂ ಮುಚ್ಚಿಟ್ಟುಕೊಳ್ಳದವನು ಎಂದು ಅವಳಿಗೆ ಕಂಡವನು ಇವನೊಬ್ಬನೇ.

"ಗದ್ದೆ ತಕ," ಎಂದಳು ದೇವಿ. ಮಗ ಎದ್ದು ಒಳಗೆ ಹೋದ. ಯಾವ ತಿಂಗಳು ಕೆಲಸ ಶುರು ಮಾಡುತ್ತೇನೆಂದು ತುಳಸಿದಾಸ ಹೇಳುತ್ತಿದ್ದ, ಅವಳು ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು.